ಗಡಿ ಇರುವುದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ

2025ರ ಮೇ ತಿಂಗಳಲ್ಲಿ, ಪಾಕಿಸ್ತಾನದ ವಿರುದ್ಧದ ಸೇನಾ ಕಾರ್ಯಾಚರಣೆ ಆಪರೇಷನ್ ಸಿಂಧೂರ ನಿಂತ ಬೆನ್ನಿಗೇ, ಮಹಾರಾಷ್ಟ್ರದ ಸೈಬರ್ ಪೊಲೀಸರು ಒಂದು ವರದಿ ಹೊರಡಿಸಿದರು. ಪಹಲ್ಗಾಮ್ ಹತ್ಯಾಕಾಂಡದ ನಂತರ ಭಾರತದ ಮೇಲೆ ಸುಮಾರು 15 ಲಕ್ಷ ಸೈಬರ್ ದಾಳಿಗಳು ನಡೆದವು, ಗುರಿ ಮುಟ್ಟಿದ್ದು 150 ಮಾತ್ರ ಎಂಬುದು ಅದರ ಸಾರ. ಮೈಸೂರಿನ ವಿದ್ಯಾರಣ್ಯಪುರಂನಲ್ಲಿ, ಪಕ್ಕದ ನಂಜುಮಳಿಗೆಯ ಹೋಟೆಲುಗಳಲ್ಲಿ, ಬಡಾವಣೆಯ ವಾಟ್ಸಾಪ್ ಗುಂಪುಗಳಲ್ಲಿ ಆ ವಾರ ಎಲ್ಲರ ಬಾಯಲ್ಲೂ ಇದೇ ಅಂಕಿ. ಹತ್ತು ಸಾವಿರಕ್ಕೆ ಒಂದೇ ಒಂದು ನುಸುಳಿದೆ ಎಂದರೆ ಇದಕ್ಕಿಂತ ಗಟ್ಟಿ ಕೋಟೆ ಬೇಕೆ ಎಂಬ ಹೆಮ್ಮೆ.

ಆ ಹೆಮ್ಮೆಯನ್ನು ನಾನು ಹಳಿಯುವುದಿಲ್ಲ. ಲೆಕ್ಕವನ್ನು ಮಾತ್ರ ಒಪ್ಪಲಾರೆ. ಇಂಥ ಎಣಿಕೆಗಳಲ್ಲಿ ದೂರದ ಯಂತ್ರವೊಂದು ಯಾವ ಬಾಗಿಲು ತೆರೆದಿದೆ ಎಂದು ಸುಮ್ಮನೆ ತಡಕಿದ್ದೂ ಒಂದು ದಾಳಿ, ಆಸ್ಪತ್ರೆಯ ಕಡತಗಳಿಗೆಲ್ಲ ಬೀಗ ಜಡಿದದ್ದೂ ಒಂದು ದಾಳಿ. ತಡಕಾಟವನ್ನು ತಡೆದದ್ದನ್ನೆಲ್ಲ ಗೆಲುವಿನ ಖಾತೆಗೆ ಬರೆದರೆ ಅಂಕಿ ದೊಡ್ಡದಾಗುತ್ತದೆಯೇ ಹೊರತು ಭದ್ರತೆ ದೊಡ್ಡದಾಗುವುದಿಲ್ಲ. ನೋಡಬೇಕಾದದ್ದು ಆ 150ನ್ನು. ಅವುಗಳ ಪೈಕಿ ವರದಿ ಹೆಸರಿಸಿದ್ದರಲ್ಲಿ ಒಂದು, ಮುಂಬೈ ಹೊರವಲಯದ ಕುಳಗಾಂವ್-ಬದ್ಲಾಪುರ ಪುರಸಭೆಯ ಜಾಲತಾಣ. ಬಿದ್ದದ್ದು ಕ್ಷಿಪಣಿ ನೆಲೆಯಲ್ಲ; ನೀರಿನ ಕಂದಾಯ, ಜನನ ಪತ್ರ ಎಂದು ಜನ ಎಡತಾಕುವ ಒಂದು ಸ್ಥಳೀಯ ಸಂಸ್ಥೆ.

ರಾಷ್ಟ್ರದ ಸೈಬರ್ ಭದ್ರತೆಯ ಬಗ್ಗೆ ನಮ್ಮಲ್ಲಿ ಬೇರೂರಿರುವ ಅಭಿಪ್ರಾಯಕ್ಕೆ ಎರಡು ಮುಖಗಳಿವೆ. ಹೊರಗಿನ ಶತ್ರುವನ್ನು ಸೇನೆಯೂ ಗುಪ್ತಚರ ಸಂಸ್ಥೆಗಳೂ ನೋಡಿಕೊಳ್ಳುತ್ತವೆ, ಅದು ಗುಟ್ಟಿನ ಕೆಲಸ, ಪ್ರಶ್ನಿಸಬಾರದು ಎನ್ನುವುದು ಒಂದು. ಒಳಗಿನ ಕಳ್ಳನಿಂದ ಪ್ರಜೆಯೇ ಎಚ್ಚರವಾಗಿರಬೇಕು, ಮೋಸ ಹೋದರೆ ಅದು ಅವನ ದುರಾಸೆ ಅಥವಾ ಅಜ್ಞಾನ ಎನ್ನುವುದು ಇನ್ನೊಂದು. ಈ ಎರಡರ ನಡುವೆ ಯಾರ ಕಣ್ಣಿಗೂ ಬೀಳದೆ ಕುಳಿತಿರುವುದು ಸರ್ಕಾರಿ ಕಚೇರಿ. ನಮ್ಮ ಹೆಬ್ಬೆಟ್ಟು, ಆಧಾರ್ ಸಂಖ್ಯೆ, ಆಸ್ತಿಯ ವಿವರ, ಕಾಯಿಲೆಯ ವಿವರ ಎಲ್ಲವನ್ನೂ ಕಡ್ಡಾಯವಾಗಿ ಪಡೆದು, ಅದು ಸೋರಿದಾಗ ಬಾಯಿ ಬಿಡದ ಕಚೇರಿ. ದೇಶ ಸೋರುತ್ತಿರುವುದು ಅಲ್ಲಿ, ಮತ್ತು ಆ ಮೌನವೇ ನಮ್ಮ ಅತಿದೊಡ್ಡ ದೌರ್ಬಲ್ಯ ಎಂಬುದು ನನ್ನ ವಾದ.

ಆಗಿರುವ ಕೆಲಸ ಸಣ್ಣದೇನಲ್ಲ. 2004ರಲ್ಲಿ ಸೈಬರ್ ದಾಳಿಗಳಿಗೆ ಸ್ಪಂದಿಸುವ ರಾಷ್ಟ್ರೀಯ ಸಂಸ್ಥೆ ಸರ್ಟ್-ಇನ್ ಬಂತು. ವಿದ್ಯುತ್, ಬ್ಯಾಂಕಿಂಗ್, ರೈಲಿನಂಥ ಮರ್ಮಸ್ಥಾನಗಳನ್ನು ಕಾಯಲು 2014ರಲ್ಲಿ ಪ್ರತ್ಯೇಕ ಕೇಂದ್ರವೇ ಆಯಿತು. 2019ರಲ್ಲಿ ಮೂರೂ ಪಡೆಗಳನ್ನು ಒಳಗೊಂಡ ಡಿಫೆನ್ಸ್ ಸೈಬರ್ ಏಜೆನ್ಸಿ, 2020ರಲ್ಲಿ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ. ರಕ್ಷಣಾ ಸಚಿವಾಲಯ 2023ರಲ್ಲಿ ತನ್ನ ಕಂಪ್ಯೂಟರುಗಳಲ್ಲಿ ವಿಂಡೋಸ್ ತೆಗೆದು 'ಮಾಯಾ' ಎಂಬ ದೇಶೀ ವ್ಯವಸ್ಥೆ ಅಳವಡಿಸಲು ಹೊರಟಿತು. 2024ರ ಜೂನ್‌ನಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಸೈಬರ್ ಕಾರ್ಯಾಚರಣೆಯ ಜಂಟಿ ಸಿದ್ಧಾಂತವನ್ನು ಬಿಡುಗಡೆ ಮಾಡಿದರು. ಮರುವರ್ಷ ಆಗಸ್ಟ್‌ನಲ್ಲಿ ಅದರ ಗೋಪ್ಯವಲ್ಲದ ಪ್ರತಿ ಜನರ ಕೈಗೂ ಬಂತು. ನೋಟು ಮುದ್ರಣಾಲಯ, ರತ್ನಹಳ್ಳಿಯ ಅಣು ಇಲಾಖೆಯ ಘಟಕ, ರಕ್ಷಣಾ ಆಹಾರ ಸಂಶೋಧನಾಲಯ ಇವೆಲ್ಲ ಇರುವ ಮೈಸೂರಿನವರು ಇಂಥ ಕಾವಲನ್ನು ಬೇಡವೆನ್ನುವ ಹಾಗಿಲ್ಲ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಗುಟ್ಟು ಕಾಯಬೇಕಾದ ಸೇನೆ ತನ್ನ ಸಿದ್ಧಾಂತವನ್ನು ಪ್ರಕಟಿಸಿತು. ನಾಗರಿಕ ಆಡಳಿತದ ರಾಷ್ಟ್ರೀಯ ಸೈಬರ್ ಭದ್ರತಾ ಕಾರ್ಯತಂತ್ರದ ಕರಡು 2020ರ ಸುಮಾರಿಗೇ ಸಿದ್ಧವಾಗಿದ್ದರೂ ಹೊರಬರಲಿಲ್ಲ. ನಮ್ಮ ಕೈಯಲ್ಲಿರುವ ಪ್ರಕಟಿತ ನೀತಿ 2013ರದು. ಐದು ವರ್ಷದಲ್ಲಿ 5 ಲಕ್ಷ ತಜ್ಞರನ್ನು ತಯಾರು ಮಾಡುತ್ತೇವೆಂದು ಬರೆದುಕೊಂಡ, ಯುಪಿಐ ಹುಟ್ಟುವ ಮೊದಲಿನ ದಾಖಲೆ. ಮಿಲಿಟರಿಗಿಂತ ಮಾಮೂಲಿ ಇಲಾಖೆಗಳೇ ಹೆಚ್ಚು ಬಾಗಿಲು ಹಾಕಿಕೊಂಡಿವೆ.

ಈಗ ಕರ್ನಾಟಕದ ಕಾವೇರಿ ತಂತ್ರಾಂಶದ ಪ್ರಕರಣಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಏಕೆಂದರೆ ಇದು 'ಹ್ಯಾಕ್' ಕೂಡ ಅಲ್ಲ.

ಮನೆ, ಸೈಟು, ಜಮೀನು ಕೊಂಡವರೆಲ್ಲ ಸಬ್ ರಿಜಿಸ್ಟ್ರಾರ್ ಎದುರು ಹೆಬ್ಬೆಟ್ಟು ಒತ್ತಿದವರೇ. ಆ ಕ್ರಯಪತ್ರ ಸ್ಕ್ಯಾನ್ ಆಗಿ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ ತಂತ್ರಾಂಶ ಸೇರುತ್ತದೆ. ಕ್ರಯಪತ್ರ ಸಾರ್ವಜನಿಕ ದಾಖಲೆ. ಶುಲ್ಕ ಕಟ್ಟಿದವರು ಪ್ರತಿ ಪಡೆಯಬಹುದು, ಅದು ಸರಿಯೂ ಹೌದು. ಆದರೆ ಆ ಪ್ರತಿಯ ಮೇಲೆ ಕೊಂಡವರ, ಮಾರಿದವರ ಬೆರಳಚ್ಚು ಸ್ಪಷ್ಟವಾಗಿ ಕಾಣುತ್ತಿತ್ತು, ಆಧಾರ್ ಸಂಖ್ಯೆಯೂ ಜೊತೆಗಿರುತ್ತಿತ್ತು. ಇನ್ನೊಂದು ಕಡೆ, ಹಳ್ಳಿಗಳಲ್ಲಿ ಬ್ಯಾಂಕ್ ಮಿತ್ರರು ಹಿಡಿದು ಓಡಾಡುವ ಪುಟ್ಟ ಯಂತ್ರವಿದೆಯಲ್ಲ, ಅದರಲ್ಲಿ ಹಣ ತೆಗೆಯಲು ಬೇಕಾದದ್ದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು. ಒಟಿಪಿ ಇಲ್ಲ, ಪಿನ್ ಇಲ್ಲ. ವೃದ್ಧಾಪ್ಯ ವೇತನ, ಕೂಲಿ ಹಣ ಪಡೆಯುವವರಿಗೆ ಅನುಕೂಲವಾಗಲೆಂದು ಮಾಡಿದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ ಇದು. ಆಧಾರ್ ಜೋಡಿಸಿದ ಖಾತೆ ಇದ್ದವರು ಕೇಳದಿದ್ದರೂ ಈ ಬಾಗಿಲು ತೆರೆದೇ ಇತ್ತು. ಕಳ್ಳರು ಕ್ರಯಪತ್ರ ಡೌನ್‌ಲೋಡ್ ಮಾಡಿಕೊಂಡು, ಬೆರಳಚ್ಚಿನ ಅಚ್ಚು ತೆಗೆದು, ನಕಲಿ ಬೆರಳು ಮಾಡಿ, ನೂರಾರು ಮೈಲಿ ದೂರದಲ್ಲಿ ಕುಳಿತು ಹಣ ತೆಗೆದರು. 2023ರಲ್ಲಿ ಬೆಂಗಳೂರಿನಲ್ಲಿ ದೂರುಗಳು ಸಾಲುಗಟ್ಟಿದವು. ಹಣ ಕಳೆದುಕೊಂಡವರು ಯಾವ ಲಿಂಕನ್ನೂ ಒತ್ತಿರಲಿಲ್ಲ, ಯಾರಿಗೂ ಒಟಿಪಿ ಹೇಳಿರಲಿಲ್ಲ. ಅವರು ಮಾಡಿದ್ದ ಏಕೈಕ ಕೆಲಸವೆಂದರೆ ಸರ್ಕಾರ ಹೇಳಿದ ಕಡೆ ಹೆಬ್ಬೆಟ್ಟು ಒತ್ತಿದ್ದು. ತನಿಖೆಯಲ್ಲಿ ಕಾವೇರಿಯ ದಾಖಲೆಗಳ ಜಾಡು ಸಿಕ್ಕ ಮೇಲೆ ಇಲಾಖೆ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಯನ್ನು ಮರೆಮಾಚಲು ಮುಂದಾಯಿತು.

ಇದಕ್ಕಿಂತ ನೋವಿನ ಸಂಗತಿ ಬೇರೆ ಇದೆ. 2018ರಲ್ಲೇ ಪಕ್ಕದ ತೆಲಂಗಾಣದಲ್ಲಿ ಇದೇ ಮಾದರಿಯ ಕೃತ್ಯ ಬಯಲಾಗಿತ್ತು. ಅಲ್ಲಿನ ನೋಂದಣಿ ಇಲಾಖೆಯ ಜಾಲತಾಣದ ಕ್ರಯಪತ್ರಗಳಿಂದ ಬೆರಳಚ್ಚು ಎತ್ತಿ, ರಾಶಿ ರಾಶಿ ನಕಲಿ ಬೆರಳು ತಯಾರಿಸಿ, ಸಿಮ್ ಕಾರ್ಡುಗಳನ್ನು ಚಾಲೂ ಮಾಡಿದ್ದ ವ್ಯಕ್ತಿಯನ್ನು ಪೊಲೀಸರು ಹಿಡಿದಿದ್ದರು. ಅದು ಪತ್ರಿಕೆಗಳಲ್ಲಿ ಬಂದಿತ್ತು. ಎಚ್ಚರಿಕೆಗೂ ನಮ್ಮ ಜನರ ಖಾತೆ ಬರಿದಾದದ್ದಕ್ಕೂ ನಡುವೆ ಐದು ವರ್ಷ. ಒಂದು ರಾಜ್ಯದ ನೋಂದಣಿ ಇಲಾಖೆಯ ಗಾಯ ನೆರೆರಾಜ್ಯದ ಅದೇ ಇಲಾಖೆಗೆ ಪಾಠವಾಗದಿದ್ದರೆ, ಮೇಲೆ ಎಷ್ಟು ಏಜೆನ್ಸಿಗಳಿದ್ದು ಏನು? ಇದಕ್ಕೆ ಸೈನ್ಯ ಬೇಕಿರಲಿಲ್ಲ. ಒಂದು ಸುತ್ತೋಲೆ ಸಾಕಿತ್ತು.

ಇ-ಪ್ರೊಕ್ಯೂರ್‌ಮೆಂಟ್ ಪ್ರಕರಣವೂ ಇದೇ ಜಾತಿಯದು. 2019ರಲ್ಲಿ ರಾಜ್ಯದ ಟೆಂಡರ್ ತಾಣದೊಳಗೆ ನುಗ್ಗಿ, ಗುತ್ತಿಗೆದಾರರು ಇಟ್ಟಿದ್ದ ಠೇವಣಿ ಹಣದಲ್ಲಿ ಸುಮಾರು 11.5 ಕೋಟಿ ರೂಪಾಯಿಯನ್ನು ಬೇರೆ ಖಾತೆಗಳಿಗೆ ತಿರುಗಿಸಲಾಯಿತು. ಮುಂದೆ ಅದು ಬಿಟ್‌ಕಾಯಿನ್ ಹಗರಣವೆಂದು ಹೆಸರಾಗಿ, ಯಾವ ಪಕ್ಷದ ಯಾರಿಗೆ ಪಾಲು ಹೋಯಿತು ಎಂಬ ಜಗಳದಲ್ಲಿ ವಿಧಾನಸಭೆಯ ದಿನಗಳು ಕಳೆದವು. ಆ ತಾಣದ ಬಾಗಿಲು ಹೇಗೆ ತೆರೆದಿತ್ತು, ಅದನ್ನು ಕಾಯಬೇಕಿದ್ದವರು ಯಾರು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಕಳೆದುಹೋಯಿತು. 2025ರ ಆರಂಭದಲ್ಲಿ ಕಾವೇರಿ 2.0 ಮೇಲೆ ದಾಳಿಯಾಗಿ ರಾಜ್ಯದುದ್ದಕ್ಕೂ ನೋಂದಣಿ ಕುಂಟಿದಾಗಲೂ ಅಷ್ಟೇ: ಪೊಲೀಸ್ ದೂರು ದಾಖಲಾಯಿತು, ಕೆಲಸ ಮತ್ತೆ ಶುರುವಾಯಿತು, ಎಲ್ಲರೂ ಮರೆತರು.

ಹೀಗೆ ಮರೆಯುವುದು ಸ್ವಭಾವವಷ್ಟೇ ಅಲ್ಲ, ನೀತಿಯೂ ಆಗಿದೆ. ಕೂಡಂಕುಳಂ ನೆನಪಿಸಿಕೊಳ್ಳಿ. ಕರ್ನಾಟಕಕ್ಕೂ ವಿದ್ಯುತ್ ಕೊಡುವ ಅಣುಸ್ಥಾವರ ಅದು. 2019ರ ಅಕ್ಟೋಬರ್ 29ರಂದು ಸ್ಥಾವರದವರು ಸೈಬರ್ ದಾಳಿಯ ಸುದ್ದಿ ಸುಳ್ಳು ಎಂದರು. ಮರುದಿನವೇ ಅಣುವಿದ್ಯುತ್ ನಿಗಮ, ಆಡಳಿತ ವಿಭಾಗದ ಜಾಲದಲ್ಲಿದ್ದ ಕಂಪ್ಯೂಟರೊಂದರಲ್ಲಿ ದುಷ್ಟ ತಂತ್ರಾಂಶ ಸಿಕ್ಕಿದ್ದು ನಿಜ ಎಂದಿತು. ಸರ್ಟ್-ಇನ್ ಅದನ್ನು ಸೆಪ್ಟೆಂಬರ್ 4ರಂದೇ ತಿಳಿಸಿತ್ತು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು ಸ್ತಬ್ಧವಾಗಿ, ವೈದ್ಯರು ದಿನಗಟ್ಟಲೆ ಕೈಬರಹದಲ್ಲೇ ಚೀಟಿ ಬರೆದರು. ಒಳಗಿನ ಜಾಲವನ್ನು ಸರಿಯಾಗಿ ವಿಭಾಗಿಸದೆ ಬಿಟ್ಟದ್ದು ಕಾರಣ ಎಂದು ಸಂಸತ್ತಿಗೆ ಒಂದು ಸಾಲಿನ ಉತ್ತರ ಸಿಕ್ಕಿತು. ಜಿಲ್ಲಾ ಆಸ್ಪತ್ರೆಗಳ ಕಂಪ್ಯೂಟರ್ ವಿಭಾಗದವರೆಲ್ಲ ಕುಳಿತು ಓದಬೇಕಿದ್ದ ಪೂರ್ಣ ವರದಿ ಜನರ ಮುಂದೆ ಬರಲಿಲ್ಲ. 2023ರ ಜೂನ್‌ನಲ್ಲಿ ಕೋವಿನ್ ಲಸಿಕೆ ದಾಖಲೆಗಳ ವಿವರ ಟೆಲಿಗ್ರಾಂನಲ್ಲಿ ಸಿಗುತ್ತಿದೆ ಎಂಬ ಸುದ್ದಿ ಬಂದಾಗ ಆರೋಗ್ಯ ಸಚಿವಾಲಯದ ಮೊದಲ ಮಾತು ಅದು ನಿರಾಧಾರ, ಕಿಡಿಗೇಡಿತನ ಎಂದು. ಅದೇ ತಿಂಗಳು ಪೊಲೀಸರು ಆ ಸಂಬಂಧ ಬಿಹಾರದಲ್ಲಿ ಬಂಧನವನ್ನೂ ಮಾಡಿದರು. ಅದೇ ವರ್ಷ ನವೆಂಬರ್‌ನಲ್ಲಿ ಸರ್ಟ್-ಇನ್ ಅನ್ನು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗಿಡಲಾಯಿತು.

ಸರ್ಟ್-ಇನ್ 2022ರಲ್ಲಿ ಹೊರಡಿಸಿದ ಆದೇಶದ ಪ್ರಕಾರ, ದಾಳಿ ಗೊತ್ತಾದ 6 ಗಂಟೆಯೊಳಗೆ ಸಂಸ್ಥೆಗಳು ಅದಕ್ಕೆ ವರದಿ ಮಾಡಬೇಕು. ಒಳ್ಳೆಯ ನಿಯಮ. ಆದರೆ ಮಾಹಿತಿಯ ಪ್ರಯಾಣ ಮೇಲ್ಮುಖವಾಗಿ ಮಾತ್ರ. ಯಾರ ಹೆಬ್ಬೆಟ್ಟು ಹೋಯಿತೋ ಅವರಿಗೆ ಹೇಳಬೇಕೆಂದು ಆ ಆದೇಶದಲ್ಲಿ ಇಲ್ಲ.

ಶತ್ರುವಿಗೆ ನಮ್ಮ ದೌರ್ಬಲ್ಯ ಹೇಳಿಕೊಡಬೇಕೆ ಎಂದು ಕೇಳುವವರಿದ್ದಾರೆ. ಇದು ಹಗುರವಾದ ಆಕ್ಷೇಪವಲ್ಲ. ಡಿಫೆನ್ಸ್ ಸೈಬರ್ ಏಜೆನ್ಸಿ ಇಂದು ಯಾವ ಜಾಲವನ್ನು ಹೇಗೆ ಕಾಯುತ್ತಿದೆ ಎಂಬುದು ಗುಟ್ಟಾಗಿಯೇ ಇರಬೇಕು. ನಾನು ಕೇಳುತ್ತಿರುವುದು ತೂತು ಮುಚ್ಚಿದ ಮೇಲಿನ ಮಾತು. ಒಳಹೊಕ್ಕ ಶತ್ರುವಿಗೆ ತೂತು ಎಲ್ಲಿತ್ತೆಂದು ಆಗಲೇ ಗೊತ್ತಿದೆ. ಗೊತ್ತಿಲ್ಲದಿರುವುದು ಹಣ ಕಳೆದುಕೊಂಡವರಿಗೆ ಮತ್ತು ಅಂಥದ್ದೇ ತೂತು ಇರುವ ಇನ್ನೊಂದು ಕಚೇರಿಗೆ. 2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಿದ್ದು 158 ಜನ ಸತ್ತರು. ವಿಚಾರಣಾ ವರದಿ ಪ್ರಕಟವಾಯಿತು. ಪೈಲಟ್ ಎಲ್ಲಿ ತಪ್ಪಿದರು, ಸಹಪೈಲಟ್ ಏನು ಎಚ್ಚರಿಸಿದ್ದರು, ರನ್‌ವೇ ಕೊನೆಯಲ್ಲಿ ಏನಾಗಬೇಕಿತ್ತು ಎಲ್ಲವೂ ಅದರಲ್ಲಿದೆ. ಅದನ್ನು ಪ್ರಕಟಿಸಿದ್ದರಿಂದ ವಾಯುಯಾನ ದುರ್ಬಲವಾಗಲಿಲ್ಲ. ಎಲ್ಲ ದೇಶಗಳ ವಿಮಾನಯಾನ ಸುರಕ್ಷಿತವಾದದ್ದೇ ಪ್ರತಿ ಅಪಘಾತದ ಕತೆಯನ್ನು ಬಿಡಿಸಿ ಹೇಳುವ ಶಿಸ್ತಿನಿಂದ. ಸೈಬರ್ ಅವಘಡಗಳಿಗೆ ಅಂಥದ್ದೊಂದು ತನಿಖಾ ಮಂಡಳಿ ನಮ್ಮಲ್ಲಿ ಏಕಿಲ್ಲ?

ಎಸ್ಟೋನಿಯಾದ ಮಾದರಿ ಕಣ್ಣ ಮುಂದಿದೆ. ಮೈಸೂರು ಜಿಲ್ಲೆಯ ಅರ್ಧದಷ್ಟೂ ಜನಸಂಖ್ಯೆಯಿಲ್ಲದ ದೇಶ ಅದು. 2007ರಲ್ಲಿ ಬ್ಯಾಂಕು, ಪತ್ರಿಕೆ, ಸರ್ಕಾರ ಎಲ್ಲವೂ ಸೈಬರ್ ದಾಳಿಗೆ ಸಿಕ್ಕಿ ನಲುಗಿತ್ತು. 2017ರಲ್ಲಿ ಅದರ ಸುಮಾರು ಏಳೂವರೆ ಲಕ್ಷ ಗುರುತಿನ ಚೀಟಿಗಳ ಚಿಪ್‌ನಲ್ಲಿ ಲೋಪವಿದೆ ಎಂದು ಸಂಶೋಧಕರು ತಿಳಿಸಿದರು. ಸರ್ಕಾರ ಆ ಲೋಪವನ್ನು ಜನರಿಗೆ ತಾನೇ ಸಾರಿ ಹೇಳಿತು, ಚೀಟಿಗಳನ್ನು ಸರಿಪಡಿಸಿಕೊಳ್ಳುವ ದಾರಿ ತೋರಿತು. ರಷ್ಯಾದ ಗಡಿಗೆ ಅಂಟಿಕೊಂಡಿರುವ ದೇಶ ಹಾಗೆ ಮಾಡಬಹುದಾದರೆ ನಮಗೇನು ಅಡ್ಡಿ?

ಇನ್ನು ಪ್ರಜೆಯೇ ಎಚ್ಚರವಾಗಿರಬೇಕು ಎಂಬ ಮಾತಿಗೆ ಬರೋಣ. ಮೈಸೂರನ್ನು ಪಿಂಚಣಿದಾರರ ಸ್ವರ್ಗ ಎನ್ನುತ್ತಾರೆ. ಆ ಸ್ವರ್ಗದ ನಿವಾಸಿಗಳೇ, ಪೊಲೀಸರ ಸೋಗಿನಲ್ಲಿ ಕರೆ ಮಾಡಿ ಹೆದರಿಸಿ 'ಡಿಜಿಟಲ್ ಅರೆಸ್ಟ್' ಮಾಡುವವರಿಗೆ ಸುಲಭದ ಗುರಿ. ಪ್ರಧಾನಿ 2024ರ ಅಕ್ಟೋಬರ್‌ನ ಮನ್ ಕಿ ಬಾತ್‌ನಲ್ಲಿ ಈ ಬಗ್ಗೆ ಮಾತನಾಡಿದರು. ಅಲ್ಲಿ ಕೇಳಿಸಿದ, ವಂಚಕನೊಂದಿಗಿನ ಸಂಭಾಷಣೆ ನಮ್ಮ ವಿಜಯಪುರದವರೊಬ್ಬರದು. ಬಹುಕಾಲ ಫೋನ್ ಮಾಡಿದಾಗೆಲ್ಲ ಎಚ್ಚರಿಕೆಯ ಧ್ವನಿ ಕೇಳಿಸುತ್ತಿತ್ತು. ಆದರೂ ಗೃಹ ಸಚಿವಾಲಯ ಸಂಸತ್ತಿಗೆ ಕೊಟ್ಟ ಲೆಕ್ಕದಂತೆ 2023ರಲ್ಲಿ 7,465 ಕೋಟಿ ರೂಪಾಯಿ ಇದ್ದ ಸೈಬರ್ ವಂಚನೆಯ ನಷ್ಟ 2024ರಲ್ಲಿ 22,845 ಕೋಟಿಗೆ ಏರಿತು. ಎಚ್ಚರಿಕೆಯ ಮಾತು ಹೆಚ್ಚಿದರೂ ನಷ್ಟ ಮೂರು ಪಟ್ಟಾಗುವುದಾದರೆ ರೋಗ ಬೇರೆಲ್ಲೋ ಇದೆ.

ವಿದ್ಯಾರಣ್ಯಪುರಂನಲ್ಲಿ ನನಗೆ ಗೊತ್ತಿರುವ ಹಿರಿಯರೊಬ್ಬರು ಹೀಗೆ ಹಣ ಕಳೆದುಕೊಂಡರು. "ಕಂಪ್ಲೇಂಟ್ ಕೊಟ್ರಾ ಮೇಷ್ಟ್ರೇ?" ಎಂದರೆ, "ಬೇಡ ಬಿಡಪ್ಪ, ಓದಿದವನಾಗಿ ಹೀಗೆ ಮಾಡ್ಕೊಂಡೆ ಅಂತ ಮಕ್ಕಳು ಏನಂದ್ಕೋತಾರೆ" ಎಂದು ತಲೆ ತಗ್ಗಿಸಿದರು. ನನಗೆ ಸಿಟ್ಟು ಬಂದದ್ದು ಆ ನಾಚಿಕೆಯನ್ನು ಅವರ ತಲೆಗೆ ಕಟ್ಟಿದವರ ಮೇಲೆ. ಕರೆ ಮಾಡಿದವನಿಗೆ ಅವರ ಪೂರ್ಣ ಹೆಸರು, ಆಧಾರ್ ಸಂಖ್ಯೆ, ಖಾತೆ ಇರುವ ಬ್ಯಾಂಕು ಎಲ್ಲ ಗೊತ್ತಿತ್ತು, ಅದಕ್ಕೇ ನಂಬಿದರು. ಆ ವಿವರಗಳನ್ನು ಅವರೇನೂ ಬೀದಿಯಲ್ಲಿ ಚೆಲ್ಲಿರಲಿಲ್ಲ. ಜೀವಮಾನದ ಉಳಿತಾಯ ಒಂದೇ ಮಧ್ಯಾಹ್ನ ಅಪರಿಚಿತ ಖಾತೆಗೆ ಹೋಗುವಾಗ ಬ್ಯಾಂಕು ಕೇಳಲಿಲ್ಲ. ಆ ಹಣ ಇಳಿದ ಬಾಡಿಗೆ ಖಾತೆಯನ್ನು ತೆರೆದುಕೊಟ್ಟದ್ದೂ ಒಂದು ಬ್ಯಾಂಕೇ.

ರಿಸರ್ವ್ ಬ್ಯಾಂಕು 2017ರಲ್ಲಿ ಸುತ್ತೋಲೆಯೊಂದನ್ನು ಹೊರಡಿಸಿತು. ಅದರ ಪ್ರಕಾರ, ಗ್ರಾಹಕನ ತಪ್ಪಿಲ್ಲದೆ ಹಣ ಹೋಗಿ, ಅವನು 3 ಕೆಲಸದ ದಿನದೊಳಗೆ ತಿಳಿಸಿದರೆ ಅವನಿಗೆ ಒಂದು ಪೈಸೆ ಹೊಣೆಯೂ ಇಲ್ಲ. ತಪ್ಪು ಅವನದೆಂದು ಸಾಬೀತು ಮಾಡಬೇಕಾದದ್ದು ಬ್ಯಾಂಕು. ಹೆಬ್ಬೆಟ್ಟು ಕಳುವಾದವರಿಗೆ ಇದು ರಕ್ಷೆ, ಗೊತ್ತಿರುವವರು ಕಡಿಮೆ. ಹೆದರಿಸಿ ಹಣ ಕಳಿಸುವಂತೆ ಮಾಡಿದಾಗ ಮಾತ್ರ ಈ ರಕ್ಷೆ ಸಿಗುವುದಿಲ್ಲ, ಏಕೆಂದರೆ ಒತ್ತಿದ್ದು ಅವರದೇ ಬೆರಳು. ಬ್ರಿಟನ್ 2024ರ ಅಕ್ಟೋಬರ್‌ನಿಂದ ಅದನ್ನೂ ಬದಲಿಸಿತು. ಹಾಗೆ ಮೋಸಹೋದವರಿಗೆ 85,000 ಪೌಂಡ್‌ವರೆಗೆ ಹಣ ಮರಳಿಸಬೇಕು, ಅದರಲ್ಲಿ ಅರ್ಧ ಕಳಿಸಿದ ಬ್ಯಾಂಕಿನದು, ಅರ್ಧ ಕಳ್ಳನ ಖಾತೆ ಇಟ್ಟುಕೊಂಡ ಬ್ಯಾಂಕಿನದು. ಹೊಣೆ ಯಾರ ಮೇಲೆ ಬೀಳುತ್ತದೋ ಅವರು ಎಚ್ಚರವಾಗುತ್ತಾರೆ. ಸೈಬರ್ ವಂಚನೆಯ ದೂರು ಪಡೆಯುವ ನಮ್ಮ 1930 ಸಹಾಯವಾಣಿ 2025ರ ನಡುವಿನವರೆಗೆ ಐದು ಸಾವಿರ ಕೋಟಿಗೂ ಹೆಚ್ಚು ಹಣ ಕಳ್ಳರ ಕೈಸೇರದಂತೆ ತಡೆದಿದೆ. ಅದಕ್ಕಾಗಿ ದುಡಿಯುವವರಿಗೆ ನಮಸ್ಕಾರ. ಆದರೆ ಅದು ಹಣ ಹೊರಟ ಮೇಲಿನ ಓಟ.

ಮೈಸೂರನ್ನು ಸೈಬರ್ ಭದ್ರತೆಯ ಕೇಂದ್ರ ಮಾಡುತ್ತೇವೆ ಎಂಬ ಮಾತು 'ಬಿಯಾಂಡ್ ಬೆಂಗಳೂರು' ಯೋಜನೆಯಲ್ಲಿ ಕೆಲವು ವರ್ಷದಿಂದ ಕೇಳಿಬರುತ್ತಿದೆ. 2001ರಷ್ಟು ಹಿಂದೆಯೇ ದೇಶದ ಮೊದಲ ಸೈಬರ್ ಅಪರಾಧ ಠಾಣೆ ತೆರೆದ ರಾಜ್ಯ ನಮ್ಮದು. 2025ರಲ್ಲಿ ಡಿಜಿಪಿ ದರ್ಜೆಯ ಅಧಿಕಾರಿಯ ಕೈಕೆಳಗೆ ಸೈಬರ್ ಕಮಾಂಡ್ ಕೂಡ ಆಗಿದೆ. ಕೇಂದ್ರವೆಂದರೆ ಗಾಜಿನ ಕಟ್ಟಡ, ಕಂಪನಿಗಳ ಒಪ್ಪಂದ ಎಂದಾದರೆ ನನಗೆ ಆಸಕ್ತಿಯಿಲ್ಲ. ಎನ್‌ಐಇಯಂಥ ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿಯುವ ಮಕ್ಕಳಲ್ಲಿ ಒಬ್ಬಳು ಯಾವುದೋ ಇಲಾಖೆಯ ತಾಣದಲ್ಲಿ ತೂತು ಕಂಡರೆ ಅದನ್ನು ನಿರ್ಭಯವಾಗಿ ಹೇಳುವಂತಿರಬೇಕು. ಇಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಡಿಯಲ್ಲಿ ಅನುಮತಿಯಿಲ್ಲದೆ ಒಳಹೊಕ್ಕು ನೋಡಿದ್ದೇ ಅಪರಾಧವಾಗಬಹುದು. ಸದುದ್ದೇಶದಿಂದ ಪರೀಕ್ಷಿಸಿದವರಿಗೆ ಅದರಲ್ಲಿ ಸ್ಪಷ್ಟ ರಕ್ಷಣೆಯಿಲ್ಲ. ನೆದರ್ಲೆಂಡ್ಸ್ ಸರ್ಕಾರ ತನ್ನ ತಾಣದ ತೂತು ತೋರಿಸಿದವರಿಗೆ, ಡಚ್ ಸರ್ಕಾರವನ್ನು ಹ್ಯಾಕ್ ಮಾಡಿದೆ ಎಂದು ಬರೆದ ಟೀ ಶರ್ಟ್ ಕಳಿಸುತ್ತದೆ. ರಾಜ್ಯ ಸರ್ಕಾರ ಇಂಥದ್ದನ್ನು ನಾಳೆಯೇ ಶುರುಮಾಡಬಹುದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಸೋರಿಕೆಯಾದರೆ ಪ್ರತಿಯೊಬ್ಬ ಬಾಧಿತರಿಗೂ ತಿಳಿಸಬೇಕು ಎನ್ನುತ್ತದೆ. ತಿಳಿಸದಿದ್ದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಈ ಹೊಣೆ ಜಾರಿಗೆ ಬರಲು 18 ತಿಂಗಳ ಅವಕಾಶ. ಸರ್ಕಾರ ತನಗೆ ಬೇಕಾದ ಸಂಸ್ಥೆಗಳನ್ನು ದೇಶದ ಭದ್ರತೆಯಂಥ ಕಾರಣಗಳಿಗಾಗಿ ಹೊರಗಿಡುವ ಅಧಿಕಾರವನ್ನೂ ಉಳಿಸಿಕೊಂಡಿದೆ.

ಕರ್ನಾಟಕ ಆ ಗಡುವಿನವರೆಗೆ ಕಾಯಬೇಕಿಲ್ಲ. ಪಾಸ್‌ವರ್ಡ್ ಕಳುವಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. 2023ಕ್ಕೆ ಮೊದಲು ಹೊರಹೋದ ಹೆಬ್ಬೆಟ್ಟು ಇಂದಿಗೂ ಕಳ್ಳನ ಕೈಯಲ್ಲಿ ಚಾಲ್ತಿಯಲ್ಲಿರಬಹುದು. ಯಾವ ಕ್ರಯಪತ್ರಗಳ ಪ್ರತಿಗಳು ಯಾವಾಗ ಡೌನ್‌ಲೋಡ್ ಆದವು ಎಂಬ ದಾಖಲೆ ಇಲಾಖೆಯ ಬಳಿ ಇರಬೇಕು. ಆ ಪತ್ರಗಳಲ್ಲಿ ಹೆಸರಿರುವವರಿಗೆ ಇಲಾಖೆ ಒಂದು ಕಾಗದ ಬರೆಯಲಿ, ಒಂದು ಎಸ್‌ಎಂಎಸ್ ಕಳಿಸಲಿ: ನಿಮ್ಮ ಬೆರಳಚ್ಚು ನಮ್ಮಿಂದ ಹೊರಹೋಗಿದೆ, ಆಧಾರ್ ತಾಣದಲ್ಲಿ ನಿಮ್ಮ ಬಯೋಮೆಟ್ರಿಕ್‌ಗೆ ಬೀಗ ಹಾಕಿಕೊಳ್ಳಿ, ಬೀಗ ಹಾಕಲು ಬಾರದಿದ್ದರೆ ಹತ್ತಿರದ ನಾಡಕಚೇರಿಗೆ ಬನ್ನಿ, ನಾವೇ ಹಾಕಿಕೊಡುತ್ತೇವೆ.